ಕಂಪ್ಯೂಟರ್ ಸುರಕ್ಷತೆ: ಮನೆಯವರೂ ಸಣ್ಣ ಆಫೀಸಿನವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಆಡಿಟರ್ ಆಫೀಸು, ಸಹಕಾರ ಸೊಸೈಟಿ, ಪ್ರಿಂಟಿಂಗ್ ಪ್ರೆಸ್, ಖಾಸಗಿ ಶಾಲೆ. ಇಂಥ ಕಡೆ ಐದರಿಂದ ಇಪ್ಪತ್ತು ಕಂಪ್ಯೂಟರ್ ಇರುತ್ತವೆ. ಅವನ್ನು ನೋಡಿಕೊಳ್ಳಲು ಅಂತ ಪ್ರತ್ಯೇಕ ಜನ ಇರುವುದಿಲ್ಲ. ಯಾರಿಗೆ ಸ್ವಲ್ಪ ಕಂಪ್ಯೂಟರ್ ಗೊತ್ತೋ ಅವರ ತಲೆಗೇ ಆ ಕೆಲಸ ಬೀಳುತ್ತದೆ. ಈ ಪುಟ ಮುಖ್ಯವಾಗಿ ಅವರಿಗೆ. ಮೊದಲ ಭಾಗ ಮನೆಯಲ್ಲಿ ಕಂಪ್ಯೂಟರ್, ಮೊಬೈಲ್ ಬಳಸುವ ಎಲ್ಲರಿಗೂ. ಖರ್ಚಿಲ್ಲದ ಕೆಲಸಗಳನ್ನು ಮೊದಲು ಹೇಳಿದ್ದೇನೆ. ಜಾಸ್ತಿ ಉಪಯೋಗ ಆಗುವುದೂ ಅವುಗಳಿಂದಲೇ.

ಹೊಸಬರಿಗೆ

ನನ್ನ ಕಂಪ್ಯೂಟರಿನಲ್ಲಿ ಕದಿಯೋಕೆ ಏನಿದೆ?

ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರುವುದಿಲ್ಲ, ನಿಜ. ಇಂಟರ್ನೆಟ್ಟಿಗೆ ಸೇರಿದ ಯಂತ್ರಗಳನ್ನೆಲ್ಲ ಒಂದು ಕಡೆಯಿಂದ ತಡಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗುತ್ತವೆ. ನೀವು ಯಾರು ಅಂತ ಅವು ಕೇಳುವುದಿಲ್ಲ.

ಇನ್ನು ಕದಿಯೋಕೆ ಏನಿದೆ ಅನ್ನುವ ಮಾತು. ನಿಮ್ಮ ಇಮೇಲ್ ಒಂದು ಸಿಕ್ಕರೆ ಸಾಕು. 'ಪಾಸ್‌ವರ್ಡ್ ಮರೆತಿದ್ದೇನೆ' ಅಂತ ಒತ್ತಿ ಉಳಿದ ಖಾತೆಗಳನ್ನೂ ಒಂದೊಂದಾಗಿ ತೆರೆಯಬಹುದು. ವಾಟ್ಸಾಪ್ ಸಿಕ್ಕರೆ ನಿಮ್ಮ ಹೆಸರಿನಲ್ಲಿ ನಿಮ್ಮ ಅಕ್ಕನಿಗೂ ಭಾವನಿಗೂ 'ಅರ್ಜೆಂಟಾಗಿ ಹತ್ತು ಸಾವಿರ ಹಾಕಿ, ಸಂಜೆ ಕೊಡ್ತೀನಿ' ಅಂತ ಮೆಸೇಜ್ ಹೋಗುತ್ತದೆ. ಅವರು ಹಾಕಿಯೂ ಬಿಡುತ್ತಾರೆ.

ಪಾಸ್‌ವರ್ಡ್ ಹೇಗಿರಬೇಕು?

ಉದ್ದ ಇರಬೇಕು. ಒಂದೊಂದು ಕಡೆಗೆ ಒಂದೊಂದು ಇರಬೇಕು. ಉಳಿದದ್ದೆಲ್ಲ ಆಮೇಲೆ.

ಊರ ಹೆಸರು, ಮಗಳ ಹೆಸರು, ಕೊನೆಗೆ 123 ಸೇರಿಸಿದ್ದು ಒಡೆಯಲು ಸೆಕೆಂಡುಗಳು ಸಾಕು. ಅದರ ಬದಲು ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದ ಆರಿಸಿ. ಹಲಸು, ಪಂಚರ್, ಗೋಕಾಕ, ಸೂಜಿ, ಹೀಗೆ. ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ನೆನಪೂ ಉಳಿಯುತ್ತದೆ, ಒಡೆಯುವುದೂ ಕಷ್ಟ. ಇಲ್ಲಿ ಕೊಟ್ಟ ಪದಗಳನ್ನೇ ಹಾಕಬೇಡಿ ಮತ್ತೆ. ಗಾದೆ, ವಚನದ ಸಾಲು, ಸಿನಿಮಾ ಹಾಡು ಕೂಡ ಬೇಡ. ಎಲ್ಲರಿಗೂ ಗೊತ್ತಿರುವ ಸಾಲು ಒಡೆಯುವವರ ಪಟ್ಟಿಯಲ್ಲೂ ಇರುತ್ತದೆ.

ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಅನ್ನುವ ಹಳೆಯ ನಿಯಮ ಬಿಡಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಆ ಸಲಹೆ ಕೈಬಿಟ್ಟಿತು. ಸುಮ್ಮನೆ ಬದಲಾಯಿಸಿ ಅಂದರೆ ಜನ ಕೊನೆಯ 1 ಅನ್ನು 2 ಮಾಡುತ್ತಾರೆ, ಅಷ್ಟೇ. ಸೋರಿಕೆಯಾಗಿದೆ ಅಂತ ಅನುಮಾನ ಬಂದಾಗ ಬದಲಾಯಿಸಿದರೆ ಸಾಕು.

ಇಷ್ಟೊಂದು ಪಾಸ್‌ವರ್ಡ್ ನೆನಪಿಡೋದು ಹೇಗೆ? ಪುಸ್ತಕದಲ್ಲಿ ಬರೆದಿಡಬಹುದಾ?

ಮನೆಯಲ್ಲಾದರೆ ಬರೆದಿಡಿ, ತಪ್ಪೇನಿಲ್ಲ. ಬೀರುವಿನಲ್ಲಿರುವ ಪುಸ್ತಕವನ್ನು ದೂರದೇಶದ ಕಳ್ಳ ಓದಲಾರ. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಇದು ಎಷ್ಟೋ ಮೇಲು. ಆಫೀಸಿನಲ್ಲಿ ಮಾತ್ರ ಮಾನಿಟರ್‌ಗೆ ಚೀಟಿ ಅಂಟಿಸುವುದು ಬೇಡ.

ಇನ್ನೂ ಒಳ್ಳೆಯ ದಾರಿ ಪಾಸ್‌ವರ್ಡ್ ಮ್ಯಾನೇಜರ್. ಬಿಟ್‌ವಾರ್ಡನ್, ಕೀಪಾಸ್ ಎರಡೂ ಪುಕ್ಕಟೆ ಸಿಗುತ್ತವೆ. ಒಂದು ದೊಡ್ಡ ಪಾಸ್‌ವರ್ಡ್ ನೆನಪಿದ್ದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಇನ್ನೊಂದು ಲಾಭ ಇದೆ. ನಕಲಿ ಬ್ಯಾಂಕ್ ಸೈಟಿಗೆ ಹೋದರೆ ವಿಳಾಸ ಹೊಂದುವುದಿಲ್ಲ, ಹಾಗಾಗಿ ಅದು ಪಾಸ್‌ವರ್ಡ್ ತುಂಬುವುದೇ ಇಲ್ಲ. ನಮ್ಮ ಕಣ್ಣಿಗೆ ಕಾಣದ ಒಂದಕ್ಷರದ ವ್ಯತ್ಯಾಸ ಅದಕ್ಕೆ ಕಾಣುತ್ತದೆ.

ಓಟಿಪಿ ಬರುತ್ತಲ್ಲ, ಅಷ್ಟು ಸಾಲದಾ?

ಇಲ್ಲದಿರುವುದಕ್ಕಿಂತ ಖಂಡಿತ ಒಳ್ಳೆಯದು. ಆದರೆ ಓಟಿಪಿಯನ್ನು ಮಾತಿನಲ್ಲೇ ಕೇಳಿ ತೆಗೆದುಕೊಳ್ಳುತ್ತಾರೆ. ಡೂಪ್ಲಿಕೇಟ್ ಸಿಮ್ ಪಡೆದು ಕದಿಯುತ್ತಾರೆ. 'ಕೊರಿಯರ್ ಬಂದಿದೆ, ಈ ನಂಬರ್ ಡಯಲ್ ಮಾಡಿ' ಅಂತ ಹೇಳಿ ನಿಮಗೆ ಬರುವ ಕರೆಗಳು ಅವರಿಗೆ ಹೋಗುವಂತೆ ನಿಮ್ಮ ಕೈಯಿಂದಲೇ ಕಾಲ್ ಫಾರ್ವರ್ಡ್ ಹಾಕಿಸುವವರೂ ಇದ್ದಾರೆ. *21* ಅಂತ ಶುರುವಾಗುವ ನಂಬರ್ ಯಾರಾದರೂ ಒತ್ತಲು ಹೇಳಿದರೆ ಫೋನ್ ಇಡಿ. ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡ್ ರದ್ದಾಗುತ್ತದೆ.

ಜಿಮೇಲ್‌ನಂಥ ಮುಖ್ಯ ಖಾತೆಗೆ ಅಥೆಂಟಿಕೇಟರ್ ಆ್ಯಪ್ (ಕೋಡನ್ನು ಫೋನಿನಲ್ಲೇ ತೋರಿಸುವ ಆ್ಯಪ್) ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಪಿನ್‌ನಿಂದ ಒಳಗೆ ಹೋಗುವ ವ್ಯವಸ್ಥೆ) ಹಾಕಿ. ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಫೋನ್ ಕಳೆದ ದಿನ ಆ ಕಾಗದದ ಬೆಲೆ ಗೊತ್ತಾಗುತ್ತದೆ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಪಿನ್ ಇಂದೇ ಹಾಕಿ. ಎರಡು ನಿಮಿಷದ ಕೆಲಸ.

ಆಂಟಿವೈರಸ್ ಕೊಳ್ಳಲೇಬೇಕಾ?

ಮನೆಗಾದರೆ ಬೇಡ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಅದನ್ನು ಆಫ್ ಮಾಡದೆ ಇದ್ದರೆ. ಎರಡೆರಡು ಆಂಟಿವೈರಸ್ ಹಾಕಿದರೆ ಒಂದಕ್ಕೊಂದು ಅಡ್ಡಬಂದು ಕಂಪ್ಯೂಟರ್ ನಿಧಾನವಾಗುತ್ತದೆ, ಬೇರೇನೂ ಲಾಭವಿಲ್ಲ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಎಲ್ಲರೂ ಹಾಕ್ತಾರಲ್ಲ?

ಹಾಕುತ್ತಾರೆ. ಆ ಕ್ರ್ಯಾಕ್ ಜೊತೆ ಬರುವ ಸೂಚನೆಯ ಮೊದಲ ಸಾಲು ಓದಿ: 'ಆಂಟಿವೈರಸ್ ಆಫ್ ಮಾಡಿ' ಅಂತ ಇರುತ್ತದೆ. ಮುಖ ನೋಡದ ಯಾರೋ ಒಬ್ಬ ಹೇಳಿದ ಅಂತ ಕಾವಲು ತೆಗೆದು, ಅವನ ಪ್ರೋಗ್ರಾಂಗೆ ಅಡ್ಮಿನ್ ಅಧಿಕಾರ ಕೊಡುತ್ತಿದ್ದೀರಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದಿಯುವ ಮಾಲ್‌ವೇರ್ (ಹಾನಿ ಮಾಡಲೆಂದೇ ಬರೆದ ಪ್ರೋಗ್ರಾಂ) ಜಾಸ್ತಿ ಹರಡುವ ದಾರಿಗಳಲ್ಲಿ ಇದೂ ಒಂದು.

ದುಡ್ಡು ಇಲ್ಲದಿದ್ದರೆ ಎಂಎಸ್ ಆಫೀಸ್ ಬದಲು ಲಿಬ್ರೆಆಫೀಸ್, ಫೋಟೋಶಾಪ್ ಬದಲು ಗಿಂಪ್ ಹಾಕಿಕೊಳ್ಳಿ. ನುಡಿ, ಬರಹದಂಥ ಕನ್ನಡ ತಂತ್ರಾಂಶವನ್ನೂ ಸಿಕ್ಕಸಿಕ್ಕ ಸೈಟಿನಿಂದ ಇಳಿಸಬೇಡಿ. ಬರೀ ಯೂನಿಕೋಡ್ ಕನ್ನಡ ಟೈಪ್ ಮಾಡಲು ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ.

ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಬಂದಿದೆ, ತೆರೆಯಲಾ?

ಫೋಟೋ ಅಥವಾ ಪಿಡಿಎಫ್ ಆಗಿದ್ದರೆ ನೋಡಿ. ಫೈಲಿನ ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಕರೆಯೋಲೆ ಅಲ್ಲ, ಆ್ಯಪ್. ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್ ಓದಿ ಓಟಿಪಿಗಳನ್ನು ಬೇರೆ ಕಡೆ ಕಳಿಸುತ್ತದೆ. ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ, ಕರೆಂಟ್ ಬಿಲ್ ಬಾಕಿ, ಎಲ್ಲದರ ವೇಷದಲ್ಲೂ ಇದು ಬರುತ್ತದೆ. ಪರಿಚಯದವರ ನಂಬರಿನಿಂದಲೇ ಬಂದಿದ್ದರೂ ನಂಬಬೇಡಿ. ಅವರ ಫೋನ್ ಆಗಲೇ ಸಿಕ್ಕಿಬಿದ್ದಿರಬಹುದು.

ಬ್ಯಾಂಕ್ ಸೈಟ್ ಅಸಲಿಯೋ ನಕಲಿಯೋ ನೋಡಲು ಈಗ ಒಂದು ಸುಲಭ ಗುರುತು ಇದೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಬೀಗದ ಚಿತ್ರ ಇದೆಯಾ ಅಂತ ನೋಡುವುದು ಸಾಲದು, ಕಳ್ಳರ ಸೈಟಿಗೂ ಬೀಗ ಸಿಗುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿದರೆ ವೈರಸ್ ಬರುತ್ತಾ?

ಬರುತ್ತದೆ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಪ್ರಿಂಟಿಗೆ ಬೇಕಾದ ಫೈಲ್ ಮಾತ್ರ ಇರುವ ಬೇರೆ ಪೆನ್‌ಡ್ರೈವ್ ಒಂದನ್ನು ಇಟ್ಟುಕೊಳ್ಳಿ, ಮನೆಗೆ ಬಂದು ಫಾರ್ಮ್ಯಾಟ್ ಮಾಡಿ. ಅಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದರೆ ಬರುವಾಗ ಫೋನಿನ 'ಲಿಂಕ್ಡ್ ಡಿವೈಸಸ್' ನೋಡಿ ಲಾಗೌಟ್ ಮಾಡಿ. ಆಧಾರ್ ಪ್ರತಿ ಕೊಡಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಅದನ್ನು ಒಪ್ಪುವ ಕಡೆಗಳಲ್ಲಿ. ಡೌನ್‌ಲೋಡ್ಸ್ ಫೋಲ್ಡರಿನಿಂದ ಫೈಲ್ ಅಳಿಸಲು ಅಂಗಡಿಯವರಿಗೆ ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ರೈಲ್ವೆ ಸ್ಟೇಷನ್ ವೈಫೈ ಅಪಾಯವಾ?

ಹಿಂದೆ ಇದ್ದಷ್ಟಿಲ್ಲ. ಈಗ ಹೆಚ್ಚುಕಡಿಮೆ ಎಲ್ಲ ಸೈಟುಗಳೂ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ನಡುವೆ ಯಾರೂ ಓದಲಾಗದ ಹಾಗೆ ಬರುತ್ತವೆ. ಬ್ಯಾಂಕಿನ ಕೆಲಸಕ್ಕೆ ಮೊಬೈಲ್ ಡೇಟಾ ಬಳಸಿ. ಉಳಿದದ್ದಕ್ಕೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಹೊತ್ತಿನಲ್ಲಿ ಪಾಸ್‌ವರ್ಡ್ ಸರಿಮಾಡಿಕೊಳ್ಳಿ.

'ಡಿಜಿಟಲ್ ಅರೆಸ್ಟ್' ಮಾಡ್ತೀವಿ ಅಂತ ವಿಡಿಯೋ ಕಾಲ್ ಬಂದಿದೆ.

ಹಾಗೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಕಟ್ ಮಾಡಿ. ಪಕ್ಕದಲ್ಲಿರುವವರಿಗೆ ಜೋರಾಗಿ ಹೇಳಿ. ಯಾರಿಗೂ ಹೇಳಬೇಡ ಅನ್ನುವುದರಲ್ಲೇ ಪೊಲೀಸ್ ವೇಷ ಹಾಕಿದ ಈ ಕಳ್ಳರ ಆಟ ಇರುವುದು. ಹಾಗೆಯೇ 'ರಿಫಂಡ್ ಕೊಡ್ತೀವಿ, ಎನಿಡೆಸ್ಕ್ ಹಾಕಿ' ಅಂದರೂ ಕಟ್ ಮಾಡಿ, ಅದು ದೂರದಲ್ಲಿ ಕೂತವರಿಗೆ ನಿಮ್ಮ ಪರದೆಯನ್ನು ಒಪ್ಪಿಸುವ ಆ್ಯಪ್. ದುಡ್ಡು ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಕಾಗುವುದಿಲ್ಲ.

ದುಡ್ಡು ಹೋಗಿಬಿಟ್ಟಿದೆ. ಈಗೇನು?

ಮೊದಲು 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ. ಮನೆಯವರಿಗೆ ಹೇಳಲೋ ಬೇಡವೋ ಅಂತ ಯೋಚಿಸುತ್ತ ಕೂರಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಅದು ಖಾತೆಯಲ್ಲಿ ಇರುವಾಗಲೇ ತಡೆಹಿಡಿಯಲು ಈ ಸಹಾಯವಾಣಿ ಇರುವುದು. ಬೇಗ ಹೇಳಿದಷ್ಟೂ ವಾಪಸ್ ಸಿಗುವ ಸಾಧ್ಯತೆ ಜಾಸ್ತಿ. ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಿ. ಕರ್ನಾಟಕದಲ್ಲಾದರೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಬಹುದು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ದುಡ್ಡು ಹೋಗಿ, ನೀವು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ನೀವೇ ಓಟಿಪಿ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ದೂರಿನ ನಂಬರ್, ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ.

ಆಫೀಸ್ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ

ಮಾಲೀಕರು ದೊಡ್ಡ ಫೈರ್‌ವಾಲ್ ಕೊಳ್ಳೋಣ ಅಂತಿದ್ದಾರೆ. ಕೊಳ್ಳಲಾ?

ಫೈರ್‌ವಾಲ್ ಅಂದರೆ ಇಂಟರ್ನೆಟ್ಟಿಗೂ ಆಫೀಸಿನ ಕಂಪ್ಯೂಟರ್‌ಗಳಿಗೂ ನಡುವೆ ಇಡುವ ಕಾವಲು ಪೆಟ್ಟಿಗೆ. ಈಗಲೇ ಬೇಡ. ಅದನ್ನು ತಂದು ಮೂಲೆಯಲ್ಲಿಟ್ಟು, ಹಾಕಿದವರ ಪಾಸ್‌ವರ್ಡನ್ನೇ ಬಿಟ್ಟು, ಲೈಸೆನ್ಸ್ ಮುಗಿದ ಮೇಲೆ ನವೀಕರಿಸದೆ ಇರುವ ಆಫೀಸುಗಳೇ ಜಾಸ್ತಿ. ಮೊದಲು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ಎಷ್ಟು ಕಂಪ್ಯೂಟರ್, ಯಾವುದರಲ್ಲಿ ಯಾವ ವಿಂಡೋಸ್, ರೂಟರ್ ಎಲ್ಲಿದೆ, ಸಿಸಿಟಿವಿ ಯಾವ ತಂತಿಗೆ ಸೇರಿದೆ, ಪ್ರಿಂಟರ್ ಯಾವುದು, ಯಾರ ಹತ್ತಿರ ಯಾವ ಪಾಸ್‌ವರ್ಡ್ ಇದೆ. ಇದನ್ನು ಬರೆಯುವಾಗಲೇ ಅರ್ಧ ತೊಂದರೆಗಳು ಕಣ್ಣಿಗೆ ಬೀಳುತ್ತವೆ. ಕೆಲಸ ಬಿಟ್ಟು ಹೋದವರ ಖಾತೆ, ಯಾರೂ ಬಳಸದ ಹಳೇ ಸಿಸ್ಟಂ, ಹೀಗೆ.

ಎಲ್ಲರಿಗೂ ಅಡ್ಮಿನ್ ಖಾತೆ ಕೊಟ್ಟಿದ್ದೇನೆ, ಪ್ರತಿ ಸಲ ನನ್ನನ್ನೇ ಕರೀತಾರೆ ಅಂತ. ತಪ್ಪಾ?

ತಪ್ಪು. ದಿನದ ಕೆಲಸಕ್ಕೆ ಎಲ್ಲರಿಗೂ ಸ್ಟ್ಯಾಂಡರ್ಡ್ ಯೂಸರ್ ಖಾತೆ ಸಾಕು. ನಿಮಗೂ ಅಷ್ಟೇ. ಸಾಫ್ಟ್‌ವೇರ್ ಹಾಕುವಾಗ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೊಡಿ. ಮೊದಲ ವಾರ ನಿಮ್ಮನ್ನು ಬೈಯುತ್ತಾರೆ, ಆಮೇಲೆ ಅಭ್ಯಾಸವಾಗುತ್ತದೆ. ಮಾಲೀಕರಿಗೂ ಇದೇ ನಿಯಮ ಹಾಕಿಸುವುದು ಮಾತ್ರ ಕಷ್ಟದ ಕೆಲಸ. ಅವರ ಲ್ಯಾಪ್‌ಟಾಪಿನಲ್ಲೇ ಜಾಸ್ತಿ ಮಾಹಿತಿ ಇರುವುದರಿಂದ ಬಿಡಬೇಡಿ.

ಟ್ಯಾಲಿ ಡೇಟಾ ಬ್ಯಾಕಪ್ ದಿನಾ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ಹೋಗ್ತಿದೆ. ಸಾಕಲ್ವಾ?

ಆ ಹಾರ್ಡ್‌ಡಿಸ್ಕ್ ಈಗ ಎಲ್ಲಿದೆ? ಕಂಪ್ಯೂಟರಿಗೇ ಸಿಕ್ಕಿಸಿದ್ದರೆ ಸಾಲದು. ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವ ಮಾಲ್‌ವೇರ್) ಬಂದರೆ ಆ ಕ್ಷಣ ಕಾಣುವ ಎಲ್ಲ ಡ್ರೈವ್‌ಗಳಿಗೂ ಬೀಗ ಹಾಕುತ್ತದೆ. ಶೇರ್ ಮಾಡಿದ ಫೋಲ್ಡರ್, ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕ್ ಎಲ್ಲವೂ ಹೋಗುತ್ತವೆ.

ಹಳೆಯ 3-2-1 ಲೆಕ್ಕ ಇವತ್ತಿಗೂ ಸರಿ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಒಂದು ಆಫೀಸಿನ ಹೊರಗೆ. ಸಣ್ಣ ಆಫೀಸಿಗೆ ಇದನ್ನು ಹೀಗೆ ಮಾಡಬಹುದು: ಎರಡು ಹಾರ್ಡ್‌ಡಿಸ್ಕ್ ತನ್ನಿ. ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಬ್ಯಾಕಪ್ ಮುಗಿದ ತಕ್ಷಣ ಕಿತ್ತಿಡಿ. ಬಳಕೆಯಲ್ಲಿಲ್ಲದ್ದು ಮಾಲೀಕರ ಮನೆಯಲ್ಲಿರಲಿ. ಅದಕ್ಕೆ ವಿಂಡೋಸ್‌ನ ಡಿಸ್ಕ್ ಬೀಗ ಬಿಟ್‌ಲಾಕರ್ ಹಾಕಿ, ಕೀಯನ್ನು ಬೇರೆ ಕಡೆ ಬರೆದಿಡಿ. ಜೊತೆಗೆ ಕ್ಲೌಡ್‌ನಲ್ಲಿ ಒಂದು ಪ್ರತಿ.

ಗೂಗಲ್ ಡ್ರೈವ್ ಸಿಂಕ್ ಇದೆಯಲ್ಲ ಅಂತ ಕೇಳುತ್ತಾರೆ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಇಲ್ಲಿ ಫೈಲ್ ಹಾಳಾದರೆ ಅಲ್ಲೂ ಹಾಳಾದದ್ದೇ ಹೋಗಿ ಕೂರುತ್ತದೆ. ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಇರುತ್ತದೆ, ಆಮೇಲೆ ಇಲ್ಲ.

ಕೊನೆಯದಾಗಿ, ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿದ್ದೀರಾ? ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ, ಟ್ಯಾಲಿಯಲ್ಲಿ ತೆರೆದು, ನಿನ್ನೆಯ ವೋಚರ್ ಕಾಣುತ್ತಾ ಅಂತ ನೋಡಿ. ಖಾಲಿ ಫೋಲ್ಡರನ್ನೇ ವರ್ಷಗಟ್ಟಲೆ ಬ್ಯಾಕಪ್ ಮಾಡುತ್ತಾ ಬಂದ ಆಫೀಸುಗಳೂ ಇವೆ.

ಮನೆಯಿಂದ ಕೆಲಸ ಮಾಡಲು ರಿಮೋಟ್ ಡೆಸ್ಕ್‌ಟಾಪ್ ತೆರೆದಿದ್ದೇನೆ. ಪೋರ್ಟ್ ನಂಬರ್ ಬದಲಾಯಿಸಿದ್ದೇನೆ, ಪರವಾಗಿಲ್ವಾ?

ಪರವಾಗಿಲ್ಲ ಅನ್ನುವ ಹಾಗಿಲ್ಲ. ಇಂದೇ ಮುಚ್ಚಿ. ರಾನ್ಸಮ್‌ವೇರ್ ನುಗ್ಗುವ ದೊಡ್ಡ ಬಾಗಿಲುಗಳಲ್ಲಿ ಇದೂ ಒಂದು. ಪೋರ್ಟ್ ಅಂದರೆ ನೆಟ್‌ವರ್ಕಿನ ಬಾಗಿಲಿನ ನಂಬರ್; ರಿಮೋಟ್ ಡೆಸ್ಕ್‌ಟಾಪಿನ ಮಾಮೂಲಿ ನಂಬರ್ 3389 ಬದಲು ಬೇರೆ ನಂಬರ್ ಇಟ್ಟರೂ ತಡಕುವ ಪ್ರೋಗ್ರಾಂಗಳು ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುತ್ತವೆ, ಸಿಕ್ಕಿದ ಮೇಲೆ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತವೆ. ರೂಟರಿನ ಪೋರ್ಟ್ ಫಾರ್ವರ್ಡ್ ತೆಗೆದುಹಾಕಿ. ವಿಪಿಎನ್ (ಇಂಟರ್ನೆಟ್ಟಿನ ಒಳಗೇ ಆಫೀಸಿಗೆ ಒಂದು ಖಾಸಗಿ ದಾರಿ) ಹಾಕಿ, ಅದರೊಳಗಿಂದ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಸಿಗುವಂತೆ ಮಾಡಿ. ವೈರ್‌ಗಾರ್ಡ್ ಅನ್ನುವ ವಿಪಿಎನ್ ಪುಕ್ಕಟೆ. ಅದು ಕಷ್ಟ ಅನ್ನಿಸಿದರೆ ಟೇಲ್‌ಸ್ಕೇಲ್ ಒಂದು ಗಂಟೆಯೊಳಗೆ ಹಾಕಬಹುದು.

ಎನಿಡೆಸ್ಕ್ ಬಳಸುವುದಾದರೆ ಸದಾ ತೆರೆದಿಡಬೇಡಿ. ಎರಡನೇ ಹಂತದ ಪರಿಶೀಲನೆ ಆನ್ ಮಾಡಿ, ಸಪೋರ್ಟ್‌ನವರ ಕೆಲಸ ಮುಗಿದ ಮೇಲೆ ಮುಚ್ಚಿ.

ರೂಟರ್, ವೈಫೈ, ಸಿಸಿಟಿವಿ?

ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆ. ಡಬ್ಲ್ಯೂಪಿಎಸ್ (ಗುಂಡಿ ಒತ್ತಿ ವೈಫೈಗೆ ಸೇರಿಸುವುದು) ಆಫ್, ಯುಪಿಎನ್‌ಪಿ (ಯಂತ್ರಗಳು ತಾವೇ ಪೋರ್ಟ್ ತೆರೆದುಕೊಳ್ಳುವುದು) ಆಫ್, ಹೊರಗಿನಿಂದ ನಿರ್ವಹಣೆ ಆಫ್. ವೈಫೈನ ಸುರಕ್ಷತಾ ಬಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ. ಬಂದವರಿಗೆ ಗೆಸ್ಟ್ ವೈಫೈ ಕೊಡಿ. ಸಿಬ್ಬಂದಿಯ ಸ್ವಂತ ಮೊಬೈಲ್‌ಗಳೂ ಅದರಲ್ಲೇ ಇರಲಿ.

ಸಿಸಿಟಿವಿ ಡಿವಿಆರ್ (ಕ್ಯಾಮರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಬಗ್ಗೆ ಎಚ್ಚರ. ಹಾಕಿದವರು 'ಮೊಬೈಲಿನಲ್ಲಿ ನೋಡಬಹುದು ಸಾರ್' ಅಂತ ಪೋರ್ಟ್ ತೆರೆದು, ಫ್ಯಾಕ್ಟರಿ ಪಾಸ್‌ವರ್ಡನ್ನೇ ಬಿಟ್ಟು ಹೋಗಿರುತ್ತಾರೆ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಮಾಡಿದ್ದು ಇಷ್ಟೇ: ಸುಮಾರು ಅರವತ್ತು ಫ್ಯಾಕ್ಟರಿ ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಕ್ಯಾಮರಾ, ಡಿವಿಆರ್, ರೂಟರ್‌ಗಳಿಗೆ ನುಗ್ಗಿತು. ಆ ಸೈನ್ಯ ಕಟ್ಟಿಕೊಂಡು ಅದೇ ವರ್ಷ ಅಕ್ಟೋಬರ್ 21ರಂದು ಸೈಟುಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದಾಗ ಟ್ವಿಟರ್‌ನಂಥ ಸೈಟುಗಳೇ ಸಿಗದಂತಾದವು. ಡಿವಿಆರ್‌ನ ಪಾಸ್‌ವರ್ಡ್ ಬದಲಾಯಿಸಿ, ಟ್ಯಾಲಿ ಇರುವ ನೆಟ್‌ವರ್ಕಿನಿಂದ ಬೇರೆ ಮಾಡಿ.

ಅಪ್‌ಡೇಟ್ ಹಾಕಿದರೆ ಪ್ರಿಂಟರ್ ಕೆಲಸ ಮಾಡಲ್ಲ. ನಿಲ್ಲಿಸಿಬಿಡಲಾ?

ನಿಲ್ಲಿಸಬೇಡಿ. ಮೊದಲು ಒಂದೇ ಕಂಪ್ಯೂಟರಿಗೆ ಹಾಕಿ, ಎರಡು ಮೂರು ದಿನ ನೋಡಿ, ಆಮೇಲೆ ಉಳಿದವಕ್ಕೆ ಹಾಕಿ. 2017ರ ಮೇ 12ರಂದು ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ಹರಡಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಕೂಡ ಒದ್ದಾಡಿದವು. ಅದು ನುಗ್ಗಿದ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಎರಡು ತಿಂಗಳು ಹಾಕದೆ ಬಿಟ್ಟ ಕಡೆ ಪೆಟ್ಟು ಬಿತ್ತು. ಅದು ನುಗ್ಗಿದ್ದು ಎಸ್‌ಎಂಬಿ 1 ಅನ್ನುವ ಹಳೆಯ ಫೈಲ್ ಶೇರಿಂಗ್ ವ್ಯವಸ್ಥೆಯ ಮೂಲಕ. ಹಳೇ ಸ್ಕ್ಯಾನರಿಗೆ ಬೇಕು ಅಂತ ನಿಮ್ಮ ಆಫೀಸಿನಲ್ಲಿ ಅದು ಇನ್ನೂ ಆನ್ ಇದೆಯಾ ನೋಡಿ.

ವಿಂಡೋಸ್ 10 ಇನ್ನೂ ಬಳಸಬಹುದಾ?

2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿದಿದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಪಡೆಯಲು ಮೈಕ್ರೋಸಾಫ್ಟ್ ಅವಕಾಶ ಕೊಟ್ಟಿತು. ಆಫೀಸುಗಳಿಗೆ ಅದು ದುಡ್ಡಿಗೆ. ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇಲ್ಲದ ಕಂಪ್ಯೂಟರಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಬರೀ ಬ್ರೌಸರ್, ಪತ್ರ ಟೈಪ್ ಮಾಡುವ ಸಿಸ್ಟಂಗಳಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ ನೋಡಿ. ಬದಲಾಯಿಸಲೇ ಆಗದ ಹಳೇ ಯಂತ್ರವನ್ನು ಇಂಟರ್ನೆಟ್ಟಿನಿಂದ ಕಿತ್ತಿಡಿ.

ಡಿಎಸ್‌ಸಿ ಟೋಕನ್ ಆಡಿಟರ್ ಹತ್ತಿರವೇ ಇದೆ. ಅದರಲ್ಲೇನು ತೊಂದರೆ?

ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿ, ಟೋಕನ್ ಅಂದರೆ ಅದನ್ನಿಟ್ಟ ಪೆನ್‌ಡ್ರೈವ್‌ನಂಥ ಸಾಧನ. ಅದು ನಿಮ್ಮ ಮಾಲೀಕರ ಸಹಿ. ಪಿನ್ ಬರೆದ ಚೀಟಿ ಅಂಟಿಸಿ, ಎಲ್ಲ ಕ್ಲೈಂಟ್‌ಗಳ ಟೋಕನ್‌ಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿಡುವ ಪದ್ಧತಿ ಊರೂರಲ್ಲೂ ಇದೆ. ಸಹಿ ಮಾಡಿದ ಖಾಲಿ ಚೆಕ್ ಪುಸ್ತಕ ಕೊಟ್ಟು ಬಂದ ಹಾಗೆ ಇದು. ಫ್ಯಾಕ್ಟರಿ ಪಿನ್ ಬದಲಾಯಿಸಿ. ಟೋಕನ್ ನಿಮ್ಮ ಬೀರುವಿನಲ್ಲಿರಲಿ, ರಿಟರ್ನ್ ಹಾಕುವ ದಿನ ತೆಗೆದುಕೊಂಡು ಹೋಗಿ. ಆಗುವುದಿಲ್ಲ ಅಂದರೆ, ಯಾವಾಗ ಕೊಟ್ಟಿರಿ, ಯಾರಿಗೆ ಕೊಟ್ಟಿರಿ ಅಂತ ರಿಜಿಸ್ಟರ್ ಬರೆಯಿರಿ. ಜಿಎಸ್‌ಟಿ ಪೋರ್ಟಲ್‌ಗೆ ಕೊಟ್ಟ ಮೊಬೈಲ್, ಇಮೇಲ್ ಯಾರದು ಅಂತಲೂ ಒಮ್ಮೆ ನೋಡಿ. ಮಾಲೀಕರದ್ದೇ ಇರಬೇಕು.

ಸಪ್ಲೈಯರ್ 'ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಮೇಲ್ ಮಾಡಿದ್ದಾರೆ.

ಮೇಲ್‌ನಲ್ಲಿರುವ ನಂಬರಿಗಲ್ಲ, ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಅಸಲಿ ಮೇಲ್ ಖಾತೆಗೇ ನುಗ್ಗಿ, ಹಳೆಯ ಮಾತುಕತೆಯ ಕೆಳಗೇ ಇಂಥ ಮೇಲ್ ಕಳಿಸುತ್ತಾರೆ. ಹಾಗಾಗಿ ವಿಳಾಸ ಸರಿಯಿದೆ ಅನ್ನುವುದು ಪುರಾವೆ ಅಲ್ಲ. ಖಾತೆ ಬದಲಾವಣೆಗೆ ಇಬ್ಬರ ಒಪ್ಪಿಗೆ ಬೇಕು ಅಂತ ಅಕೌಂಟ್ಸ್ ವಿಭಾಗದಲ್ಲಿ ನಿಯಮ ಮಾಡಿ. ಆಫೀಸಿಗೆ ಸ್ವಂತ ಡೊಮೈನ್ ಇದ್ದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ನಿಮ್ಮ ಡೊಮೈನಿನದ್ದೇನಾ ಅಂತ ಪರೀಕ್ಷಿಸಲು ಬೇಕಾದ ಸೆಟ್ಟಿಂಗ್‌ಗಳು) ಮೂರೂ ಹಾಕಿಸಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸುವುದು ಕಡಿಮೆಯಾಗುತ್ತದೆ.

ಕೆಲಸ ಬಿಟ್ಟವರ ವಿಷಯ?

ಕೊನೆಯ ದಿನವೇ ಖಾತೆ ಮುಚ್ಚಿ, ವೈಫೈ ಪಾಸ್‌ವರ್ಡ್ ಬದಲಾಯಿಸಿ, ಟ್ಯಾಲಿ ಯೂಸರ್ ತೆಗೆಯಿರಿ, ಆಫೀಸ್ ವಾಟ್ಸಾಪ್ ಗ್ರೂಪ್ ನೋಡಿ. ಎಲ್ಲರೂ ಒಂದೇ ಜಿಮೇಲ್ ಬಳಸುತ್ತಿದ್ದರೆ ಈ ಕೆಲಸ ಮಾಡಲಾಗುವುದೇ ಇಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಖಾತೆ ಅನ್ನುವುದು.

ರಾನ್ಸಮ್‌ವೇರ್ ಬಂದೇಬಿಟ್ಟಿದೆ. ಎಲ್ಲ ಫೈಲಿನ ಹೆಸರೂ ಬದಲಾಗಿದೆ!

ನೆಟ್‌ವರ್ಕ್ ತಂತಿ ಕೀಳಿ, ವೈಫೈ ಆಫ್ ಮಾಡಿ. ನೆಟ್‌ವರ್ಕ್ ತಂತಿಗಳೆಲ್ಲ ಸೇರುವ ಸ್ವಿಚ್ ಪೆಟ್ಟಿಗೆಯಿಂದಲೇ ಎಲ್ಲ ಕಂಪ್ಯೂಟರ್ ಬೇರೆ ಮಾಡಿದರೂ ಸರಿ. ಪವರ್ ಆಫ್ ಮಾಡಲು ಅವಸರ ಬೇಡ, ಮೆಮೊರಿಯಲ್ಲಿ ಸುಳಿವು ಇರಬಹುದು. ಬ್ಯಾಕಪ್ ಡಿಸ್ಕನ್ನು ಈಗ ಯಾವ ಕಂಪ್ಯೂಟರಿಗೂ ಸಿಕ್ಕಿಸಬೇಡಿ. ಹೆದರಿಕೆಯಲ್ಲಿ ಜನ ಮಾಡುವ ಮೊದಲ ತಪ್ಪೇ ಅದು.

ಪರದೆಯ ಫೋಟೋ ತೆಗೆಯಿರಿ. ಬೇರೆ ಫೋನಿನಿಂದ 'ನೋ ಮೋರ್ ರಾನ್ಸಮ್' ಸೈಟ್ ನೋಡಿ. ಯುರೋಪಿನ ಪೊಲೀಸರು ಮತ್ತು ಸುರಕ್ಷತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ರಾನ್ಸಮ್‌ವೇರ್‌ಗೆ ಅಲ್ಲಿ ಪುಕ್ಕಟೆ ಬೀಗದ ಕೈ ಇದೆ. ಎಲ್ಲದಕ್ಕೂ ಇಲ್ಲ. ದುಡ್ಡು ಕೊಟ್ಟರೆ ಫೈಲ್ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ. 'ಡೇಟಾ ರಿಕವರಿ ಮಾಡ್ತೀವಿ' ಅನ್ನುವ ಕೆಲವರು ಗುಟ್ಟಾಗಿ ಆ ಕಳ್ಳರಿಗೇ ದುಡ್ಡು ಕೊಟ್ಟು ನಿಮ್ಮಿಂದ ಜಾಸ್ತಿ ವಸೂಲಿ ಮಾಡುವುದೂ ಉಂಟು. ಯಾವ ಬಾಗಿಲಿನಿಂದ ಬಂತು ಅಂತ ಗೊತ್ತಾಗಿ, ವಿಂಡೋಸ್ ಹೊಸದಾಗಿ ಹಾಕಿದ ಮೇಲೆಯೇ ಬ್ಯಾಕಪ್‌ನಿಂದ ಫೈಲ್ ವಾಪಸ್ ತೆಗೆಯಿರಿ.

ಇದನ್ನು ಸರ್ಕಾರಕ್ಕೆ ತಿಳಿಸಬೇಕಾ? ಹೆಸರು ಹಾಳಾಗಲ್ವಾ?

ತಿಳಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್ ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಕಂಪನಿಗಳಿಗೂ ಇದು ಅನ್ವಯಿಸುತ್ತದೆ, ಸಣ್ಣವು ಅಂತ ವಿನಾಯಿತಿ ಇಲ್ಲ. ಟೋಲ್ ಫ್ರೀ ನಂಬರ್ 1800 11 4949. ಆರು ಗಂಟೆಯಲ್ಲಿ ಪೂರ್ತಿ ವಿವರ ಗೊತ್ತಿರುವುದಿಲ್ಲ, ಗೊತ್ತಿರುವಷ್ಟು ಹೇಳಿ. ವರದಿ ಮಾಡಿದ ಮಾತ್ರಕ್ಕೆ ಅದು ಪೇಪರಿನಲ್ಲಿ ಬರುವುದಿಲ್ಲ.

ಅದೇ ನಿರ್ದೇಶನ ಲಾಗ್‌ಗಳನ್ನು (ಸಿಸ್ಟಂನಲ್ಲಿ ಯಾವಾಗ ಏನು ನಡೆಯಿತು ಅನ್ನುವ ದಾಖಲೆ) 180 ದಿನ ಇಡಲು ಹೇಳುತ್ತದೆ. ಸಿಸ್ಟಂಗಳ ಗಡಿಯಾರ ಕೇಂದ್ರ ಸರ್ಕಾರದ ಎನ್‌ಐಸಿ ಅಥವಾ ಎನ್‌ಪಿಎಲ್ ಸಂಸ್ಥೆಯ ಸಮಯಕ್ಕೆ ಹೊಂದಿರಬೇಕು. ಡಿವಿಆರ್ ಒಂದು ಸಮಯ, ರೂಟರ್ ಇನ್ನೊಂದು ಸಮಯ ತೋರಿಸುತ್ತಿದ್ದರೆ ಯಾವುದು ಮೊದಲು ನಡೆಯಿತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಹಳೇ ಕಂಪ್ಯೂಟರ್ ಗುಜರಿಗೆ ಹಾಕುವಾಗ?

ಡಿಲೀಟ್ ಮಾಡಿದರೆ, ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲ್ ಹೋಗುವುದಿಲ್ಲ. ವಿಂಡೋಸ್ ರೀಸೆಟ್ ಮಾಡುವಾಗ 'ಕ್ಲೀನ್ ಡೇಟಾ' ಆಯ್ಕೆ ಆನ್ ಮಾಡಿ. ಕೆಟ್ಟು ನಿಂತ ಹಾರ್ಡ್‌ಡಿಸ್ಕ್ ಆದರೆ ಬಿಚ್ಚಿ, ಒಳಗಿನ ತಟ್ಟೆಗೆ ಡ್ರಿಲ್ಲಿನಿಂದ ಎರಡು ಮೂರು ತೂತು ಕೊರೆಸಿ. ಎಸ್‌ಎಸ್‌ಡಿಗೆ ಒಳಗಿನ ಚಿಪ್‌ಗಳೇ ಒಡೆಯಬೇಕು. ಜೆರಾಕ್ಸ್ ಯಂತ್ರ ಬಾಡಿಗೆಗೆ ತಂದಿದ್ದರೆ ವಾಪಸ್ ಕೊಡುವ ಮೊದಲು ಅದರೊಳಗೂ ಹಾರ್ಡ್‌ಡಿಸ್ಕ್ ಇದೆಯಾ ಅಂತ ಕೇಳಿ. ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.